ಮಹೋ ಶೋಜೋ

ಜಪಾನಿ ಭಾಷೆಯಲ್ಲಿ 'ಮಹೋ' ಎಂದರೆ ಮಾಯಾವಿದ್ಯೆ, 'ಶೋಜೋ' ಎಂದರೆ ಹುಡುಗಿ. ಮಾಯಾಶಕ್ತಿಯ ಹುಡುಗಿಯರ ಕಥೆ ಹೇಳುವ ಜಪಾನಿ ಅನಿಮೇಶನ್ ಪ್ರಕಾರಕ್ಕೆ ಇದೇ ಹೆಸರು. 'ಮಹೋ' ಬರೆಯುವ ಎರಡು ಚೀನಿ ಲಿಪಿಚಿಹ್ನೆಗಳಲ್ಲಿ ಮೊದಲನೆಯದಾದ 'ಮ' ನಮಗೆ ಪರಕೀಯವಲ್ಲ. ಬುದ್ಧನ ತಪಸ್ಸು ಕೆಡಿಸಲು ಬಂದ ಮಾರನ ಹೆಸರನ್ನು ಬರೆಯಲು ಚೀನಾದ ಬೌದ್ಧ ಅನುವಾದಕರು ಬಳಸಿದ್ದು ಅದನ್ನೇ. ಕಾನೂನು, ವಿಧಾನ ಎಂಬರ್ಥದ 'ಹೋ' ಅವರ ಕೈಯಲ್ಲಿ ಧರ್ಮಕ್ಕೂ ಸಂದಿತು. ನಮ್ಮ ಮಾರ ಅಷ್ಟು ದೂರ ನಡೆದು ಮಾಯಾ ಹುಡುಗಿಯರ ಹೆಸರಲ್ಲಿ ನೆಲೆಸಿದ್ದು ನಿಜಕ್ಕೂ ಬೆರಗು.

1966ರ 'ಮಹೋತ್ಸುಕಾಯಿ ಸ್ಯಾಲಿ'ಯನ್ನು ಸಾಮಾನ್ಯವಾಗಿ ಈ ಪ್ರಕಾರದ ಮೊದಲ ಟಿವಿ ಸರಣಿ ಎನ್ನುತ್ತಾರೆ. 1992ರ 'ಸೈಲರ್ ಮೂನ್' ಮಾಯಾ ಹುಡುಗಿಯರನ್ನು ತಂಡ ಕಟ್ಟಿ ಹೋರಾಡುವ ವೀರರನ್ನಾಗಿಸಿತು. 2011ರ 'ಮಡೋಕಾ ಮ್ಯಾಜಿಕಾ'ದಲ್ಲಿ ಹತಾಶಳಾದ ಮಹೋ ಶೋಜೋ 'ಮಜೋ', ಅಂದರೆ ಮಾಟಗಾತಿ, ಆಗುತ್ತಾಳೆ. ಅಲ್ಲಿಯೂ ಅದೇ 'ಮ'. ಇದರ ಮುಂದಿನ ಕಥೆ 2013ರ 'ರೆಬೆಲಿಯನ್' ಚಲನಚಿತ್ರ. ಸರಣಿ ನೋಡಿದ ಮೇಲೆಯೇ ಅದನ್ನು ನೋಡಿ.