ಶ್ರುತಿ ನಿಲ್ಲದ ಪಿಯಾನೊ

ನನ್ನ ಮಿತ್ರರೊಬ್ಬರ ಮನೆಯಲ್ಲಿ ಹಳೆಯ ಪಿಯಾನೊ ಒಂದಿದೆ. ಬೆಂಗಳೂರು ದಂಡಿನ ಯಾವುದೋ ಬಂಗಲೆಯಿಂದ ಹರಾಜಿಗೆ ಬಂದದ್ದು. ತಂತಿ, ಬಿರಡೆ, ಸುತ್ತಿಗೆಗಳ ಉಣ್ಣೆ ಎಲ್ಲವನ್ನೂ ಹೊಸದಾಗಿ ಹಾಕಿಸಿ, ಮೆರುಗೆಣ್ಣೆ ಬಳಿಸಿ, ಮದುವಣಗಿತ್ತಿಯಂತೆ ನಡುಮನೆಯಲ್ಲಿ ಕೂರಿಸಿದ್ದಾರೆ. ಆದರೆ ಬೇಸಗೆಯಲ್ಲಿ ಶ್ರುತಿ ಮಾಡಿಸಿದರೆ ಮಳೆಗಾಲಕ್ಕೆ ಏರುತ್ತದೆ. ಮಳೆಗಾಲದಲ್ಲಿ ಮಾಡಿಸಿದರೆ ಬೇಸಗೆಗೆ ಇಳಿಯುತ್ತದೆ. ಕೆಲವು ಸ್ವರಗಳಂತೂ ಹದಿನೈದು ದಿನವೂ ನಿಲ್ಲವು. “ಇಷ್ಟು ಖರ್ಚು ಮಾಡಿದರೂ ಇದಕ್ಕೇಕೆ ಈ ಹಠ, ಮೇಷ್ಟ್ರೇ?” ಎಂದು ಒಂದು ದಿನ ನನ್ನನ್ನೇ ಕೇಳಿಬಿಟ್ಟರು. ಕನ್ನಡ ಪಾಠ ಹೇಳುವವನಿಗೆ ಪಿಯಾನೊದ ಗೊಡವೆ ಏಕೆನ್ನುವಿರೇನೋ! ಹಳೆಯದನ್ನು ಹೊಸದು ಮಾಡುವ ಕಷ್ಟ ನನ್ನ ಕಸುಬಿನಲ್ಲಿಯೂ ಉಂಟು. ಉತ್ತರ ಹುಡುಕುತ್ತ ನಾನು ಮುನ್ನೂರು ವರ್ಷ ಹಿಂದಕ್ಕೆ ಹೋದೆ.

ಪಿಯಾನೊವನ್ನು ಮೊದಲು ನಿರ್ಮಿಸಿದವನು ಇಟಲಿಯ ಪಾದುವಾದಲ್ಲಿ 1655ರಲ್ಲಿ ಹುಟ್ಟಿದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಫ್ಲಾರೆನ್ಸಿನ ಮೆದಿಚಿ ಮನೆತನದ ಆಶ್ರಯದಲ್ಲಿದ್ದವನು. ಮೆಲ್ಲಗೂ ಜೋರಾಗಿಯೂ ನುಡಿಯಬಲ್ಲ ಅವನ ವಾದ್ಯದ ಪ್ರಸ್ತಾಪ ಆ ಮನೆತನದ 1700ರ ವಾದ್ಯಪಟ್ಟಿಯಲ್ಲಿ ಸಿಗುತ್ತದೆ. ಅದಕ್ಕೆ ಹಿಂದಿನ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು; ಇದು ಸುತ್ತಿಗೆಯಿಂದ ಹೊಡೆಯಿತು. ಹೊಡೆತ ತಾಳಬೇಕಾದರೆ ತಂತಿ ದಪ್ಪವಾಗಬೇಕು, ಬಿಗಿ ಹೆಚ್ಚಬೇಕು. ಬಿಗಿ ಹೆಚ್ಚಿದರೆ ಮರ ಬಾಗುತ್ತದೆ. ಕ್ರಿಸ್ತೊಫೊರಿ ಇದನ್ನು ಬಲ್ಲವನಾಗಿದ್ದ. ತಂತಿಯ ಕಂಪನವನ್ನು ನಾದವಾಗಿ ಬೆಳೆಸುವ ತೆಳುವಾದ ಹಲಗೆಯನ್ನು, ಅಂದರೆ ನಾದಫಲಕವನ್ನು, ಒಳಗಿನ ಬೇರೊಂದು ಕಟ್ಟಿನ ಮೇಲೆ ಕೂರಿಸಿ, ತಂತಿಯ ಎಳೆತವನ್ನು ಹೊರಗಿನ ಕಟ್ಟಿಗೆ ವಹಿಸಿದ. ತಂತಿಗೂ ಮರಕ್ಕೂ ಇರುವ ಜಗಳ ಹೀಗೆ ಪಿಯಾನೊದ ಜೊತೆಯಲ್ಲೇ ಹುಟ್ಟಿದ್ದು.

ಮುಂದೆ ಸಭಾಂಗಣಗಳು ದೊಡ್ಡವಾದವು, ನಾದವೂ ದೊಡ್ಡದಾಗಬೇಕಾಯಿತು. 1825ರಲ್ಲಿ ಅಮೆರಿಕದ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಹಕ್ಕುಪತ್ರ ಪಡೆದ. 1859ರಲ್ಲಿ ನ್ಯೂಯಾರ್ಕಿನ ಸ್ಟೈನ್‌ವೇ ಸಂಸ್ಥೆಯವರು ದೊಡ್ಡ ಪಿಯಾನೊದಲ್ಲಿ ಮಂದ್ರದ ತಂತಿಗಳನ್ನು ಉಳಿದವುಗಳ ಮೇಲೆ ಓರೆಯಾಗಿ ಹಾಯಿಸುವ ಕ್ರಮಕ್ಕೆ ಹಕ್ಕು ಪಡೆದರು. ಇಂದಿನ ಪಿಯಾನೊದಲ್ಲಿ 88 ಮನೆಗಳು, ಸುಮಾರು 230 ತಂತಿಗಳು. ಅವುಗಳ ಒಟ್ಟು ಎಳೆತ ಸುಮಾರು 20 ಟನ್ನು! ಕಬ್ಬಿಣ ಈ ಹೊರೆಯನ್ನು ಹೊತ್ತಿತು, ನಿಜ. ಆದರೆ ಎರಡು ಕಡೆ ಮರವೇ ಉಳಿಯಿತು: ಒಂದು ನಾದಫಲಕ, ಇನ್ನೊಂದು ಬಿರಡೆಗಳನ್ನು ಹಿಡಿದಿರುವ ಹಲಗೆ.

ಮಿತ್ರರ ಪಿಯಾನೊದ ಎರಡು ಕಾಯಿಲೆಗಳ ಮೂಲವೂ ಇಲ್ಲಿಯೇ ಇದೆ. ನಾದಫಲಕ ನಡುವೆ ತುಸು ಉಬ್ಬಿದ ಹಲಗೆ. ಮಳೆಗಾಲದ ತೇವ ಹೀರಿ ಇನ್ನಷ್ಟು ಉಬ್ಬುತ್ತದೆ, ಅದರ ಮೇಲಿನ ಕುದುರೆ ತಂತಿಗಳನ್ನು ಒತ್ತುತ್ತದೆ, ಶ್ರುತಿ ಏರುತ್ತದೆ. ಒಣ ಹವೆಯಲ್ಲಿ ಇದೆಲ್ಲ ತಿರುಗುಮುರುಗು. ಎಲ್ಲ ತಂತಿಗಳೂ ಒಂದೇ ಪ್ರಮಾಣದಲ್ಲಿ ಏರಿಳಿಯುವುದಿಲ್ಲವಾದ್ದರಿಂದ ಕಿವಿಗೆ ಅಪಸ್ವರ. ಇನ್ನು ಬಿರಡೆಯ ಹಲಗೆ. ದಶಕಗಳ ಕಾಲ ತಿರುವಿ ತಿರುವಿ ಅದರ ತೂತುಗಳು ಸವೆದಿರುತ್ತವೆ. ಒಣಗಿ ಒಣಗಿ ಒಳಗೇ ಬಿರುಕು ಬಿಟ್ಟಿರುವುದೂ ಉಂಟು. ಅದಕ್ಕೆ ಹೊಸ ದಪ್ಪ ಬಿರಡೆ ಹೊಡೆದರೆ ಹಿಡಿತ ಬಂದಂತೆ ಕಾಣುತ್ತದೆ, ಬಹುಕಾಲ ನಿಲ್ಲುವುದಿಲ್ಲ. ಸಾಲದುದಕ್ಕೆ ಹೊಸ ತಂತಿಗಳು ಮೊದಲ ಒಂದೆರಡು ವರ್ಷ ಹಿಗ್ಗುತ್ತಲೇ ಇರುತ್ತವೆ. ನಮ್ಮ ವೈಣಿಕರು ಕಚೇರಿಯ ನಡುವೆಯೇ ಬಿರಡೆ ತಿರುಗಿಸಿ ಸರಿಮಾಡಿಕೊಳ್ಳುತ್ತಾರೆ. ಪಿಯಾನೊ ನುಡಿಸುವವರಿಗೆ ಆ ಭಾಗ್ಯವಿಲ್ಲ.

ಹಾಗಾದರೆ ಮರವನ್ನೂ ಬದಲಾಯಿಸಿಬಿಡಬಹುದಲ್ಲ? ಇಲ್ಲಿ ಎಚ್ಚರ ಬೇಕು. ಕ್ರಿಸ್ತೊಫೊರಿಯ ಪಿಯಾನೊಗಳಲ್ಲಿ ಮೂರು ಮಾತ್ರ ಉಳಿದಿವೆ. 1720ರದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಸ್ವರವ್ಯಾಪ್ತಿಯನ್ನೇ ಹಿಂದಿನವರು ಬದಲಾಯಿಸಿದ್ದರು; 1938ರಲ್ಲಿ ನಾದಫಲಕವನ್ನೂ ಹೊಸದಾಗಿ ಹಾಕಿದರು. ಅದು ನುಡಿಯುತ್ತದೆ, ಆದರೆ ಕ್ರಿಸ್ತೊಫೊರಿ ಕೇಳಿದ ನಾದ ಅದೇ ಎಂದು ಯಾರೂ ಹೇಳಲಾರರು. 1722ರದು ರೋಮಿನಲ್ಲಿದೆ. ಹುಳು ತಿಂದು ಮೂಕವಾಗಿದೆ.

ಓಲೆಗರಿಯ ಕಾವ್ಯವನ್ನು ಸಂಪಾದಿಸುವವನಿಗೂ ಇದೇ ಇಕ್ಕಟ್ಟು. ಗೆದ್ದಲು ತಿಂದ ಸಾಲನ್ನು ತನ್ನ ಮಾತಿನಿಂದ ತುಂಬಿದರೆ ಪದ್ಯ ಓದಿಸಿಕೊಂಡು ಹೋಗುತ್ತದೆ, ಕವಿ ದೂರವಾಗುತ್ತಾನೆ. ಚುಕ್ಕಿಯಿಟ್ಟು ಬಿಟ್ಟರೆ ಕವಿ ಉಳಿಯುತ್ತಾನೆ, ಪದ್ಯ ಮುಗ್ಗರಿಸುತ್ತದೆ. ಆದರೆ ಹರಿದ ಕಟ್ಟುದಾರವನ್ನು ಬದಲಾಯಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಮಿತ್ರರಿಗೆ ನಾನು ಹೇಳಿದ್ದು ಇಷ್ಟೆ: “ಬಿರಡೆಯ ಹಲಗೆ ಕಟ್ಟುದಾರವಿದ್ದಂತೆ, ಅದನ್ನು ಹೊಸದು ಮಾಡಿಸಿ. ನಾದಫಲಕ ಒಡೆದು ಕೆಲಸಕ್ಕೆ ಬಾರದಂತಾಗುವವರೆಗೆ ಅದರ ತಂಟೆಗೆ ಹೋಗಬೇಡಿ. ಅದು ಈ ವಾದ್ಯದ ಕೊರಳು. ಮಳೆಗೊಮ್ಮೆ, ಬಿಸಿಲಿಗೊಮ್ಮೆ ಶ್ರುತಿ ಮಾಡುವವರನ್ನು ಕರೆಸಿ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಈ ಖರ್ಚು ಮುಗಿಯುವುದಲ್ಲವೆನ್ನಿ” ಎಂದರು. ಮುಗಿಯುವುದಲ್ಲ. ಹಳೆಯದನ್ನು ಮನೆಗೆ ತಂದವರು ಅದರ ಉಪಚಾರವನ್ನೂ ಜೊತೆಗೇ ತಂದಿರುತ್ತಾರೆ.