ಬ್ರಹ್ಮಗಿರಿಯ ಸ್ತರಗಳೂ ಇಸಿಲದ ಕಾಲವೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯು ವಿದ್ವಲ್ಲೋಕಕ್ಕೆ ಪರಿಚಿತವಾದುದು 1892ರಲ್ಲಿ, ಬಿ. ಎಲ್. ರೈಸರು ಅಲ್ಲಿ ಅಶೋಕನ ಶಾಸನವನ್ನು ಪತ್ತೆಮಾಡಿದಾಗ. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯದು. ಆ ಇಸಿಲವು ಬೆಟ್ಟದ ಬುಡದಲ್ಲಿರುವ ಹಾಳೂರೇ ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಆಜ್ಞೆಯು ಬಂದಾಗ ಆ ಊರಿನಲ್ಲಿದ್ದವರು ಕಲ್ಲಿನ ಕೊಡಲಿಯವರೋ, ಕಬ್ಬಿಣವನ್ನು ಬಲ್ಲವರೋ? ಇದಕ್ಕೆ ಶಾಸನವು ಉತ್ತರ ಕೊಡದು, ಮಣ್ಣೇ ಕೊಡಬೇಕು.

ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆಯಿಸಿದ ಈ ನೆಲೆಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರರು ಸ್ತರಕ್ರಮಾನುಸಾರವಾದ ಉತ್ಖನನವನ್ನು ಕೈಗೊಂಡರು. ಕೆಳಗಿನ ಸ್ತರವು ಹಿಂದಿನದು, ಮೇಲಿನದು ಈಚಿನದು ಎಂಬ ನಿಯಮವು ಸರಳವೇ ಸರಿ. ಆದರೆ ಈಚಿನವರು ತೋಡಿದ ಗುಳಿಯು ಹಿಂದಿನವರ ನೆಲವನ್ನು ಸೀಳಿ ಇಳಿದಿರುತ್ತದೆ. ಅದರೊಳಗಿನ ಮಡಕೆಚೂರನ್ನು ಆಳವನ್ನಷ್ಟೇ ಅಳೆದು ಗುರುತಿಸಿದರೆ ಕಾಲವೇ ತಲೆಕೆಳಗಾಗುವುದು. ಆದುದರಿಂದಲೇ ಕಂದಕದ ಗೋಡೆಯಲ್ಲಿ ಮಣ್ಣಿನ ಬಣ್ಣ, ಹದಗಳನ್ನು ಓದಿ ಸ್ತರಗಳನ್ನು ಬೇರ್ಪಡಿಸಬೇಕಾಗುತ್ತದೆ.

ಹೀಗೆ ಮೂರು ಸಂಸ್ಕೃತಿಗಳು ಗೋಚರವಾದವು. ತಳದಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಸೂಕ್ಷ್ಮ ಶಿಲೋಪಕರಣಗಳು, ಕೈಯಿಂದ ಮಾಡಿದ ಮಡಕೆಗಳು, ಅಪರೂಪಕ್ಕೆ ತಾಮ್ರ. ಶಿಶುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಅದರ ಮೇಲೆ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರ ಕಬ್ಬಿಣ ಮತ್ತು ಕಪ್ಪು-ಕೆಂಪು ಮಡಕೆಗಳು. ಎಲ್ಲಕ್ಕೂ ಮೇಲೆ ವೀಲರರು ‘ಆಂಧ್ರ’ವೆಂದು ಕರೆದ ಶಾತವಾಹನ ಕಾಲದ ವಸತಿ.

ಕ್ರಮವು ದೊರೆಯಿತು, ವರ್ಷವು ದೊರೆಯುವುದೆಂತು? ವೀಲರರಿಗೆ ಆಧಾರವಾದುದು ಮೇಲಿನ ಸ್ತರದ ರೂಲೆಟೆಡ್ ಮಡಕೆ. ಅರಿಕಮೇಡಿನಲ್ಲಿ 1945ರಲ್ಲಿ ಇಟಲಿಯ ಮಡಕೆಗಳ ನೆರವಿನಿಂದ ಅದರ ಕಾಲವನ್ನು ಅವರೇ ಕ್ರಿ. ಶ. 1ನೆಯ ಶತಮಾನವೆಂದು ಗೊತ್ತುಮಾಡಿದ್ದರು. ಅಲ್ಲಿಂದ ಕೆಳಕ್ಕೆ ಎಣಿಸುತ್ತ, ಶಿಲಾಸಮಾಧಿ ಸಂಸ್ಕೃತಿಯು ಸುಮಾರು ಕ್ರಿ. ಪೂ. 200ರಲ್ಲಿ ಆರಂಭವಾಯಿತೆಂದೂ ಕಲ್ಲಿನ ಕೊಡಲಿಯವರು ಅಲ್ಲಿಯವರೆಗೂ ಬಾಳಿದರೆಂದೂ ನಿರ್ಣಯಿಸಿದರು. ಇದನ್ನೊಪ್ಪಿದರೆ ಕ್ರಿ. ಪೂ. 3ನೆಯ ಶತಮಾನದ ಮಹಾಮಾತ್ರರು ಶಿಲಾಯುಗದ ಹಳ್ಳಿಯೊಂದರಲ್ಲಿ ಕುಳಿತು ಧರ್ಮಾಜ್ಞೆಯನ್ನು ಸಾರಿದರೆಂದು ಹೇಳಬೇಕಾಗುತ್ತದೆ!

ಈ ಕಾಲಗಣನೆ ನಿಲ್ಲಲಿಲ್ಲ. ಉಟ್ನೂರಿನ ಬೂದಿದಿಬ್ಬದ ಇಂಗಾಲಮಾಪನವು ದಕ್ಷಿಣದ ನವಶಿಲಾಯುಗವನ್ನು ಕ್ರಿ. ಪೂ. 3ನೆಯ ಸಹಸ್ರಮಾನಕ್ಕೆ ಒಯ್ದಿತು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನವು ಕಬ್ಬಿಣದ ಕಾಲವನ್ನು ಸುಮಾರು ಕ್ರಿ. ಪೂ. 1000ಕ್ಕೆ ಹಿಂದೂಡಿತು. ರೂಲೆಟೆಡ್ ಮಡಕೆಯೂ ಕ್ರಿಸ್ತಪೂರ್ವದಲ್ಲೇ ತೊಡಗಿದುದೆಂದು ಈಗ ತಿಳಿದಿದೆ. ಎಂದರೆ ಅಳತೆಗೋಲೇ ಜಾರಿತು. ಆದರೂ ವೀಲರರ ಸ್ತರಕ್ರಮವು ಕದಲಲಿಲ್ಲವೆಂಬುದು ಗಮನಾರ್ಹ.

ಆಜ್ಞೆಯು ಬಂದಾಗ ಈ ಸೀಮೆಯಲ್ಲಿ ಕಬ್ಬಿಣವು ಬಳಕೆಗೆ ಬಂದು ಶತಮಾನಗಳೇ ಕಳೆದಿದ್ದುವು. ಒಂದು ಮಾತನ್ನು ಮಾತ್ರ ನಾವು ಬೇರೆಯಾಗಿ ಓದುತ್ತೇವೆ. ಬ್ರಹ್ಮಗಿರಿಯಲ್ಲಿ ಕೊಡಲಿಯವರ ಮಡಕೆಗಳೂ ಕಬ್ಬಿಣದವರ ಮಡಕೆಗಳೂ ಕೆಲವು ಸ್ತರಗಳಲ್ಲಿ ಜೊತೆಯಾಗಿಯೇ ದೊರೆತಿವೆ. ವೀಲರರು ಇಲ್ಲಿ ಹೊಸ ಜನರ ಆಗಮನವನ್ನು ಕಂಡರು. ಅದೇ ಊರಿನವರು ಹೊಸ ಲೋಹವನ್ನು ಕಲಿತುಕೊಂಡರೆಂದು ಹೇಳಲೂ ಇದೇ ಸಾಕ್ಷ್ಯವು ಅಷ್ಟೇ ಎಡೆಗೊಡುತ್ತದೆ.