ಮಂಪರು ಮದ್ದಿನ ವಿಪರೀತ ಪ್ರತಿಕ್ರಿಯೆ

ಇದು ಶಾಂತಗೊಳಿಸಲು ಕೊಟ್ಟ ಔಷಧವೇ ರೋಗಿಯನ್ನು ಕೆರಳಿಸುವ ಸ್ಥಿತಿ. ಆಂಜಿಯೋಗ್ರಾಮ್, ಪೇಸ್‌ಮೇಕರ್ ಅಳವಡಿಕೆಗಳಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕಿಲ್ಲ; ಚುಚ್ಚುವ ಅಥವಾ ಕೊಯ್ಯುವ ಜಾಗವನ್ನಷ್ಟೇ ಮರಗಟ್ಟಿಸಿ, ಅಗತ್ಯವಿದ್ದರೆ ಮಂಪರು ತರುವ ಮಿಡಜೋಲಾಮ್, ನೋವು ತಗ್ಗಿಸುವ ಫೆಂಟನಿಲ್ ಕೊಡುತ್ತಾರೆ. ಮಿಡಜೋಲಾಮ್ ಪಡೆದವರಲ್ಲಿ ಕೆಲವೇ ಕೆಲವರು ಮಂಪರಿಗೆ ಜಾರುವ ಬದಲು ಚಡಪಡಿಸುತ್ತಾರೆ, ಬೈಯುತ್ತಾರೆ, ಮೇಜಿನಿಂದ ಏಳಲು ಹೋಗುತ್ತಾರೆ. ಎಷ್ಟೋ ಸಲ ಆಮೇಲೆ ಅವರಿಗೆ ಇದ್ಯಾವುದೂ ನೆನಪಿರುವುದಿಲ್ಲ. ಮಕ್ಕಳು, ವೃದ್ಧರು, ಮದ್ಯವ್ಯಸನಿಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಅದೇ ಮದ್ದನ್ನು ಮತ್ತಷ್ಟು ಕೊಟ್ಟರೆ ಕೆರಳಿಕೆ ಹೆಚ್ಚಬಹುದು. ಹಾಗಾಗಿ ಕೆರಳಿಕೆಗೆ ಆಮ್ಲಜನಕದ ಕೊರತೆ, ರಕ್ತದೊತ್ತಡದ ಕುಸಿತ, ತುಂಬಿದ ಮೂತ್ರಕೋಶ ಇವು ಕಾರಣವೇ ಎಂದು ಮೊದಲು ನೋಡಬೇಕು. ಮಿಡಜೋಲಾಮ್‌ಗೆ ಪ್ರತಿಮದ್ದು ಫ್ಲುಮಜೆನಿಲ್.

ನೋವುನಿವಾರಕಗಳ ವರಸೆ ಬೇರೆ. ಫೆಂಟನಿಲ್ ಅನ್ನು ವೇಗವಾಗಿ ಚುಚ್ಚಿದರೆ ಎದೆಯ ಸ್ನಾಯುಗಳು ಬಿಗಿದು ಉಸಿರಾಟಕ್ಕೆ ತಡೆಯಾಗಬಹುದು. ಮಾರ್ಫಿನ್ ತುರಿಕೆ, ವಾಂತಿ ತರುವುದಲ್ಲದೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟಿಕಾಗ್ರೆಲರ್‌ನಂಥ ಮಾತ್ರೆ ರಕ್ತ ಸೇರುವುದನ್ನು ನಿಧಾನಿಸುತ್ತದೆ. ಪೆಂಟಜೋಸಿನ್ ಹೃದಯದ ಹೊರೆ ಹೆಚ್ಚಿಸುವುದರಿಂದ ಹೃದಯಾಘಾತದಲ್ಲಿ ಒಳ್ಳೆಯದಲ್ಲ.

ಖಾನಾಪುರ ತಾಲ್ಲೂಕಿನ ಲೋಂಡಾ, ಕಣಕುಂಬಿ ಕಡೆಯ ಹೃದ್ರೋಗಿಗಳಿಗೆ ಇಂಥ ಚಿಕಿತ್ಸೆಗೆ ಹತ್ತಿರದ ದೊಡ್ಡ ಊರು ಬೆಳಗಾವಿ. ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಇರುವುದು ಅಲ್ಲೇ. ಆ ಕಡೆಯ ಮರಾಠಿ, ಕೊಂಕಣಿ ಮನೆಮಾತಿನ ರೋಗಿ ಕನ್ನಡದ ಪ್ರಶ್ನೆಗೆ ತಡವರಿಸಿದರೆ ಅದನ್ನು ಮದ್ದಿನಿಂದಾದ ಗೊಂದಲವೆಂದು ಬರೆದುಕೊಳ್ಳುವುದು ತರವಲ್ಲ. ಬೆಳಗಾವಿಗೆ ಕಳಿಸುವ ಮುನ್ನ ಊರಲ್ಲಿ ಚುಚ್ಚಿದ ಮದ್ದಿನ ಹೆಸರು, ಪ್ರಮಾಣ, ವೇಳೆ ರೋಗಿಯ ಜೊತೆ ಕಳಿಸುವ ಚೀಟಿಯಲ್ಲಿ ಇರಲೇಬೇಕು. ಹಿಂದೆ ಮಂಪರು ಮದ್ದಿಗೆ ಇಂಥ ವಿಪರೀತ ಪ್ರತಿಕ್ರಿಯೆ ಆಗಿದ್ದರೆ ಮನೆಯವರು ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಬೇಕು.